ಓದುಗರ ಪ್ರಶ್ನೆ: ಲರ್ನಿಂಗ್ ಪರೀಕ್ಷೆಗೆ ಹೇಗೆ ಓದಲಿ?

ಹೋದ ಸಂಚಿಕೆಯಲ್ಲಿ ಗಾಡಿ ಕಲಿಯುವವರು ಏನು ಬೇಕಾದರೂ ಕೇಳಿ ಅಂತ ಬರೆದಿದ್ದೆ. ಬಂದ ಪತ್ರಗಳಲ್ಲಿ ಕ್ಲಚ್, ಬ್ರೇಕಿನ ಮಾತೇ ಇಲ್ಲ. ಎಲ್ಲರಿಗೂ ಚಿಂತೆ ಲರ್ನಿಂಗ್ ಲೈಸೆನ್ಸಿನ ಪ್ರಶ್ನೆ ಪರೀಕ್ಷೆಯದ್ದು. ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕುಮಟಾದಿಂದ ಮದುವೆಯಾಗಿ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದಾಗ ನನಗೆ ಸೈಕಲ್ ಕೂಡ ಬರುತ್ತಿರಲಿಲ್ಲ. ಆಮೇಲೆ ಇಲ್ಲಿನ ಒಂದು ಮೋಟಾರ್ ಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷ ಕಲಿಸಿದೆ. ಸ್ಟೇರಿಂಗ್ ಹಿಡಿಯಲು ಹೆದರಿದವರಿಗಿಂತ ಆ ಹದಿನೈದು ಪ್ರಶ್ನೆಗಳಿಗೆ ಹೆದರಿದವರನ್ನೇ ನಾನು ಜಾಸ್ತಿ ನೋಡಿದ್ದೇನೆ. ಒಂದೊಂದು ಪತ್ರ, ಅದರ ಕೆಳಗೆ ನನ್ನ ಉತ್ತರ ಇಲ್ಲಿದೆ.

ಮಾಟುಂಗಾದ ಹೋಟೆಲಿನಲ್ಲಿ ಕೆಲಸ ಮಾಡುತ್ತೇನೆ. ಊರು ಬೈಂದೂರು ಕಡೆ. ಕನ್ನಡ ಶಾಲೆಯಲ್ಲಿ ಆರನೇ ಕ್ಲಾಸಿನವರೆಗೆ ಓದಿದ್ದೇನೆ. ಹಿಂದಿ ಮಾತಾಡಲು ಬರುತ್ತದೆ, ಓದುವುದು ನಿಧಾನ. ಇಲ್ಲಿ ಪರೀಕ್ಷೆ ಕನ್ನಡದಲ್ಲಿ ಇಲ್ಲವಂತೆ. ಎಂಟನೇ ಪಾಸಾಗಿರಬೇಕು ಅಂತಲೂ ಹೇಳುತ್ತಾರೆ. ನನಗೆ ಲೈಸೆನ್ಸ್ ಸಿಗುತ್ತದೆಯೇ? – ಮಾಟುಂಗಾ

ಖಂಡಿತ ಸಿಗುತ್ತದೆ. ಮೊದಲು ಆ ಎಂಟನೇ ಕ್ಲಾಸಿನ ಮಾತು ಬಿಟ್ಟುಬಿಡಿ. ಆ ನಿಯಮ ಇದ್ದದ್ದು ಬಾಡಿಗೆ, ಸಾಗಣೆ ಗಾಡಿ ಓಡಿಸುವವರಿಗೆ ಮಾತ್ರ. 2019ರಲ್ಲಿ ಅದನ್ನೂ ತೆಗೆದುಹಾಕಿದ್ದಾರೆ. ಸ್ಕೂಟರಿಗೆ, ಸ್ವಂತ ಕಾರಿಗೆ ಯಾವತ್ತೂ ಇರಲಿಲ್ಲ.

ಇನ್ನು ಭಾಷೆ. ಮಹಾರಾಷ್ಟ್ರದಲ್ಲಿ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಬರೆಯಬೇಕು. ಆದರೆ ರಸ್ತೆ ನಿಯಮ ದೇಶಕ್ಕೆಲ್ಲ ಒಂದೇ. ಕರ್ನಾಟಕದಲ್ಲಿ ಇದೇ ಪರೀಕ್ಷೆ ಕನ್ನಡದಲ್ಲಿ ನಡೆಯುತ್ತದೆ. ಊರಿಗೆ ಹೋದಾಗ, ಇಲ್ಲವೇ ಬರುವವರ ಕೈಲಿ, ಕನ್ನಡದ ಪ್ರಶ್ನೋತ್ತರ ಪುಸ್ತಿಕೆ ತರಿಸಿಕೊಳ್ಳಿ. ವಿಷಯವನ್ನು ಕನ್ನಡದಲ್ಲೇ ತಿಳಿದುಕೊಳ್ಳಿ. ಅರ್ಥ ತಲೆಯಲ್ಲಿ ಕೂತ ಮೇಲೆ ಹಿಂದಿಯಲ್ಲೋ ಮರಾಠಿಯಲ್ಲೋ ಅದನ್ನು ಗುರುತಿಸುವುದಷ್ಟೇ ಉಳಿದ ಕೆಲಸ.

ನಿಮ್ಮಂಥವರಿಗೆ ನಾನು ಮರಾಠಿಯನ್ನೇ ಆರಿಸಿಕೊಳ್ಳಿ ಅನ್ನುತ್ತಿದ್ದೆ. ಮುಂಬಯಿಯ ಬೋರ್ಡುಗಳಲ್ಲಿ, ಬಸ್ಸಿನಲ್ಲಿ, ಸ್ಟೇಷನ್ನಿನಲ್ಲಿ ದಿನಾ ಕಣ್ಣಿಗೆ ಬೀಳುವ ಭಾಷೆ ಅದು. ಅರ್ಧ ಪದಗಳು ನಮ್ಮವೇ. ವಾಹನ, ಚಾಲಕ, ಪಾದಚಾರಿ, ಅಪಘಾತ: ಇವನ್ನು ಯಾರೂ ನಿಮಗೆ ಕಲಿಸಬೇಕಾಗಿಲ್ಲ. ಉಳಿದದ್ದು ಒಂದು ಹಾಳೆಯಷ್ಟು. ಡಾವೀಕಡೆ ಅಂದರೆ ಎಡಕ್ಕೆ, ಉಜವೀಕಡೆ ಬಲಕ್ಕೆ. ಥಾಂಬಾ ಅಂದರೆ ನಿಲ್ಲಿ. ವಳಣ ತಿರುವು, ಅರುಂದ ಅಂದರೆ ಕಿರಿದು, ಪೂಲ ಸೇತುವೆ. ಚಢ ಏರು, ಉತಾರ ಇಳಿಜಾರು. ಮನಾಈ ಅಂದರೆ ನಿಷೇಧ. ರುಗ್ಣವಾಹಿಕಾ ಅಂದರೆ ಆಂಬುಲೆನ್ಸ್.

ಎರಡು ಕಡೆ ಮಾತ್ರ ನಮ್ಮವರು ಜಾರುತ್ತಾರೆ. ಒಂದು, ವೇಗಮರ್ಯಾದಾ. ಕನ್ನಡದವರ ಕಿವಿಗೆ ಇದು ಗೌರವದ ಮಾತಾಗಿ ಕೇಳುತ್ತದೆ. ಮರಾಠಿಯಲ್ಲಿ ಮರ್ಯಾದಾ ಅಂದರೆ ಮಿತಿ. ಇಷ್ಟೇ ವೇಗದಲ್ಲಿ ಹೋಗಬೇಕು, ಅದಕ್ಕಿಂತ ಜಾಸ್ತಿ ಬೇಡ ಅಂತ. ಇನ್ನೊಂದು, ವಾಕ್ಯದ ಕೊನೆಯ ನಯೇ. ‘ಕರಾವೇ’ ಅಂದರೆ ಮಾಡಬೇಕು. ‘ಕರೂ ನಯೇ’ ಅಂದರೆ ಮಾಡಬಾರದು. ಪರದೆಯ ಮೇಲೆ ಗಡಿಯಾರ ಓಡುತ್ತಿರುವಾಗ ಆ ಪುಟ್ಟ ಪದ ಕಣ್ಣು ತಪ್ಪಿತು ಅಂದರೆ ಉತ್ತರ ತಿರುಗಿಬಿಡುತ್ತದೆ. ಹಾಗಾಗಿ ವಾಕ್ಯವನ್ನು ಕೊನೆಯಿಂದ ಓದಿ. ಮೊದಲು ನಯೇ ಇದೆಯಾ ನೋಡಿ, ಆಮೇಲೆ ಉಳಿದದ್ದು.

ಮುಖ್ಯವಾದ ಮಾತು ಇನ್ನೊಂದಿದೆ. ಪ್ರಶ್ನೆಗಳಲ್ಲಿ ಎಷ್ಟೋ ಚಿಹ್ನೆಗಳ ಮೇಲೆಯೇ ಬರುತ್ತವೆ. ಚಿಹ್ನೆ ಓದಲು ಯಾವ ಭಾಷೆಯೂ ಬೇಡ. ಬಿಡುವು ಸಿಕ್ಕಾಗ ಹೋಟೆಲಿನಿಂದ ಕಿಂಗ್ಸ್ ಸರ್ಕಲ್ ತನಕ ನಡೆದು ಹೋಗಿ. ಆಕಾರ ನೋಡಿ. ತ್ರಿಕೋನ ಅಂದರೆ ಎಚ್ಚರಿಕೆ: ಮುಂದೆ ಏನೋ ಇದೆ, ನಿಧಾನ. ದುಂಡಗಿದ್ದರೆ ಆಜ್ಞೆ, ಕೇಳಲೇಬೇಕು. ಚೌಕ ಅಥವಾ ಆಯತ ಅಂದರೆ ಮಾಹಿತಿ: ಆಸ್ಪತ್ರೆ, ಪೆಟ್ರೋಲ್ ಬಂಕ್, ಊಟದ ಜಾಗ. ಎರಡು ಚಿಹ್ನೆಗೆ ಮಾತ್ರ ಬೇರೆ ಆಕಾರ. ‘ನಿಲ್ಲು’ ಅನ್ನುವುದಕ್ಕೆ ಎಂಟು ಮೂಲೆ. ‘ದಾರಿ ಬಿಡು’ ಅನ್ನುವುದಕ್ಕೆ ತಲೆಕೆಳಗಾದ ತ್ರಿಕೋನ. ಹಿಂಬದಿಯಿಂದ ನೋಡಿದರೂ, ಮಣ್ಣು ಮೆತ್ತಿದ್ದರೂ ಇವು ಗೊತ್ತಾಗಲಿ ಅಂತಲೇ ಬೇರೆ ಆಕಾರ ಕೊಟ್ಟಿದ್ದಾರೆ.

ಅಲ್ಲೇ ಸ್ವಲ್ಪ ಹೊತ್ತು ನಿಂತು ಗಾಡಿಗಳು ಸುತ್ತುವುದನ್ನೂ ನೋಡಿ. ಸರ್ಕಲಿನೊಳಗೆ ಆಗಲೇ ಇರುವ ಗಾಡಿ, ಅಂದರೆ ನಿಮ್ಮ ಬಲಗಡೆಯಿಂದ ಬರುವ ಗಾಡಿ, ಮೊದಲು ಹೋಗಬೇಕು. ಪ್ರಶ್ನೆಯಲ್ಲಿ ಇದು ಬಂದಾಗ ನಿಮಗೆ ಪುಸ್ತಕದ ಸಾಲು ನೆನಪಾಗುವುದಿಲ್ಲ, ಕಿಂಗ್ಸ್ ಸರ್ಕಲ್ ನೆನಪಾಗುತ್ತದೆ. ಮುಂಬಯಿ ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ನಮ್ಮ ಹೋಟೆಲ್ ಹುಡುಗರು ಹಗಲೆಲ್ಲ ದುಡಿದು ರಾತ್ರಿ ಕೂತು ಮೆಟ್ರಿಕ್ ಪಾಸು ಮಾಡಿದ್ದಾರೆ. ಹದಿನೈದು ಪ್ರಶ್ನೆ ನಿಮಗೆ ಕಷ್ಟವಲ್ಲ.

ವಯಸ್ಸು 52. ಡೊಂಬಿವಲಿ ಪೂರ್ವದಲ್ಲಿ ಮನೆ. ಪುಸ್ತಕ ಪೂರ್ತಿ ಬಾಯಿಪಾಠ ಮಾಡಿದ್ದೆ. ಆದರೂ 15ಕ್ಕೆ 7 ಬಂತು. ಮಗನಿಗೆ ಇನ್ನೂ ಹೇಳಿಲ್ಲ. ಮತ್ತೆ ಹೋಗಲೋ ಬೇಡವೋ? – ಡೊಂಬಿವಲಿ

ಹೋಗಿ. ಮಗನಿಗೂ ಹೇಳಿ, ಕೂತು ಪ್ರಶ್ನೆ ಕೇಳಲು ಒಬ್ಬರು ಬೇಕಲ್ಲ. ಪಾಸಾಗಲು ನೂರಕ್ಕೆ ಅರವತ್ತು ಬೇಕು, ಅಂದರೆ 15ರಲ್ಲಿ 9. ನಿಮಗೆ ಕಡಿಮೆ ಬಿದ್ದದ್ದು ಎರಡೇ. ಮರುಪರೀಕ್ಷೆಗೆ ಸರ್ಕಾರದ ಶುಲ್ಕ 50 ರೂಪಾಯಿ.

ನಿಮ್ಮ ಪತ್ರದಲ್ಲಿ ‘ಬಾಯಿಪಾಠ’ ಅನ್ನುವ ಪದ ಓದಿದಾಗಲೇ ನನಗೆ ಕಾರಣ ಹೊಳೆಯಿತು. ಬಾಯಿಪಾಠ ಮಾಡಿದವರಿಗೆ ‘ಮೂರನೆಯ ಉತ್ತರ ಸರಿ’ ಅಂತ ನೆನಪಿರುತ್ತದೆ. ಕಂಪ್ಯೂಟರಿನಲ್ಲಿ ಉತ್ತರದ ಜಾಗ ಬದಲಾದರೆ ಕೈ ನಡುಗುತ್ತದೆ. ನನಗೂ ಮೊದಲ ಸಲ ಹೀಗೇ ಆಗಿತ್ತು. ನಾನು ಬಿದ್ದದ್ದು ಒಂದೇ ಥರ ಕಾಣುವ ಜೋಡಿ ಚಿಹ್ನೆಗಳಲ್ಲಿ.

ಆಮೇಲೆ ಮನೆಯಲ್ಲಿದ್ದ ಹಳೆಯ ಮದುವೆ ಕರೆಯೋಲೆಗಳನ್ನು ಕತ್ತರಿಸಿ, ಹಿಂಬದಿಯ ಬಿಳಿ ಭಾಗದಲ್ಲಿ ಮಕ್ಕಳ ಕ್ರೇಯಾನಿನಿಂದ ಚಿಹ್ನೆ ಬಿಡಿಸಿದೆ. ಒಂದೊಂದಾಗಿ ಅಲ್ಲ, ಜೋಡಿಯಾಗಿ. ಅಕ್ಕಿ ಡಬ್ಬಿಯ ಮೇಲೆ ಎರಡು, ಗ್ಯಾಸಿನ ಪಕ್ಕದ ಟೈಲ್ಸಿಗೆ ಎರಡು. ನೀವೂ ಹಾಗೆ ಮಾಡಿ ನೋಡಿ.

ಮೊದಲ ಜೋಡಿ: ನೀಲಿ ಬಿಲ್ಲೆ, ಕೆಂಪು ಅಂಚು. ಮೇಲೆ ಒಂದೇ ಕೆಂಪು ಗೆರೆ ಇದ್ದರೆ ಪಾರ್ಕಿಂಗ್ ಇಲ್ಲ. ಎರಡು ಗೆರೆ ಅಡ್ಡಡ್ಡ ಇದ್ದರೆ ನಿಲ್ಲಿಸುವುದೇ ಇಲ್ಲ, ಯಾರನ್ನೋ ಇಳಿಸಲು ಅರೆ ನಿಮಿಷವೂ ಇಲ್ಲ. ಒಂದು ಗೆರೆ ಅರ್ಧ ಬೇಡ, ಎರಡು ಗೆರೆ ಪೂರ್ತಿ ಬೇಡ ಅಂತ ನಾನು ನೆನಪಿಟ್ಟುಕೊಂಡೆ. ಎರಡನೆಯದು: ಹಾರ್ನಿನ ಚಿತ್ರ. ಕೆಂಪು ಸುತ್ತು, ಮೇಲೊಂದು ಗೆರೆ ಇದ್ದರೆ ಹಾರ್ನ್ ಹೊಡೆಯಬೇಡಿ. ಪೂರ್ತಿ ನೀಲಿ ಬಿಲ್ಲೆಯ ಮೇಲಿದ್ದರೆ ಹೊಡೆಯಲೇಬೇಕು. ಘಾಟಿಯ ಕುರುಡು ತಿರುವಿನಲ್ಲಿ ಎದುರಿನವನಿಗೆ ನೀವು ಬರುವುದು ಗೊತ್ತಾಗಬೇಕಲ್ಲ, ಅದಕ್ಕೆ. ಮೂರನೆಯದು: ರೈಲ್ವೆ ದಾಟು, ಅಂದರೆ ಲೆವೆಲ್ ಕ್ರಾಸಿಂಗ್. ತ್ರಿಕೋನದೊಳಗೆ ಗೇಟಿನ ಚಿತ್ರ ಇದ್ದರೆ ಕಾವಲಿದೆ, ಉಗಿಬಂಡಿಯ ಚಿತ್ರ ಇದ್ದರೆ ಕಾವಲಿಲ್ಲ.

ಈ ಕಾವಲಿಲ್ಲದ ದಾಟಿನ ಮೇಲೆ ಪ್ರಶ್ನೆ ಬರುತ್ತದೆ. ಬ್ರಾಡ್‌ಗೇಜ್ ಹಳಿಗಳಲ್ಲಿ ಅಂಥ ದಾಟುಗಳನ್ನೆಲ್ಲ 2019ರ ಹೊತ್ತಿಗೆ ಮುಚ್ಚಿದ್ದಾರೆ. ಹಾಗಂತ ಬಿಡಬೇಡಿ, ನಿಯಮ ಹಾಗೇ ಇದೆ. ಗಾಡಿ ನಿಲ್ಲಿಸಬೇಕು. ಜೊತೆಗೆ ಯಾರಾದರೂ ಇದ್ದರೆ ಅವರು ಇಳಿದು ಹಳಿಯ ತನಕ ನಡೆದು ಎರಡೂ ಕಡೆ ನೋಡಬೇಕು. ಯಾರೂ ಇಲ್ಲದಿದ್ದರೆ ನೀವೇ ಇಳಿದು ನೋಡಬೇಕು. ಆಮೇಲೆ ದಾಟುವುದು. ಬಾಯಿಪಾಠ ಬೇಡ, ಒಮ್ಮೆ ಕಣ್ಣು ಮುಚ್ಚಿ ನೀವೇ ಇಳಿದು ಹೋದಂತೆ ಅಂದುಕೊಳ್ಳಿ. ಮರೆಯುವುದಿಲ್ಲ.

ಪ್ರತಿ ಉತ್ತರಕ್ಕೂ ‘ಯಾಕೆ’ ಅಂತ ಕೇಳಿಕೊಳ್ಳಿ. ಘಾಟಿಯ ಕಿರಿದಾದ ರಸ್ತೆಯಲ್ಲಿ ಏರುವ ಗಾಡಿ, ಇಳಿಯುವ ಗಾಡಿ ಎದುರಾದರೆ ಯಾರಿಗೆ ಮೊದಲು ದಾರಿ? ಏರುವವರಿಗೆ. ನಮ್ಮ ಕುಮಟಾ–ಶಿರಸಿ ನಡುವಿನ ದೇವಿಮನೆ ಘಾಟಿಯಲ್ಲಿ ತುಂಬಿದ ಲಾರಿ ನಡು ಏರಿನಲ್ಲಿ ನಿಂತರೆ ಮತ್ತೆ ಹೊರಡಲು ಎಷ್ಟು ಒದ್ದಾಡುತ್ತದೆ ಅಂತ ನಾನು ಸಣ್ಣವಳಿದ್ದಾಗ ಬಸ್ಸಿನ ಕಿಟಕಿಯಿಂದ ನೋಡಿದ್ದೆ. ಹಿಂದೆ ಜಾರಿದರೆ ಅದರ ಹಿಂದಿನವರ ಗತಿ? ಕಾರಣ ಗೊತ್ತಿದ್ದರೆ ಉತ್ತರ ತಾನಾಗಿ ಬರುತ್ತದೆ.

ನಿಮಗೆ 40 ದಾಟಿದೆ. ಹಾಗಾಗಿ ವೈದ್ಯರು ಬರೆದ 1ಎ ಫಾರಂ, ಅಂದರೆ ಆರೋಗ್ಯದ ಸರ್ಟಿಫಿಕೇಟು, ಬೇಕಾಗುತ್ತದೆ. ಕೊಟ್ಟಿದ್ದರೆ ಅದರ ಪ್ರತಿ ಇಟ್ಟುಕೊಂಡಿರಿ.

ಮಗನಿಗೆ 16 ತುಂಬಿತು. ಚಿಂಚವಡದಲ್ಲಿ ಕಾಲೇಜು ದೂರ. ಲರ್ನಿಂಗ್ ಮಾಡಿಸಿ ನನ್ನ ಆಕ್ಟಿವಾ ಕೊಡಬಹುದಾ? – ಚಿಂಚವಡ

ಬೇಡ. 16ಕ್ಕೆ ಸಿಗುವುದು 50 ಸಿಸಿ ಒಳಗಿನ, ಗೇರಿಲ್ಲದ ಗಾಡಿಗೆ ಮಾತ್ರ, ಅದೂ ಹೆತ್ತವರ ಒಪ್ಪಿಗೆಯ ಮೇಲೆ. ಆಕ್ಟಿವಾ ಅದಕ್ಕಿಂತ ಎರಡು ಪಟ್ಟು ದೊಡ್ಡದು. ಅದಕ್ಕೆ 18 ಆಗಲೇಬೇಕು. ಈಗ ಕೊಟ್ಟು ಸಿಕ್ಕಿಬಿದ್ದರೆ ಶಿಕ್ಷೆ ನಿಮಗೆ: 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲೂ ಆಗಬಹುದು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಇನ್ನೆರಡು ವರ್ಷ ಬಸ್ಸಿನಲ್ಲಿ ಹೋಗಲಿ ತಾಯಿ.

ಹುಬ್ಬಳ್ಳಿಯಲ್ಲಿ ಮಾಡಿಸಿದ ಲೈಸೆನ್ಸ್ ಇದೆ. ಈಗ ಕೆಲಸ ಗೋವಾದ ಮಡಗಾಂವಿನಲ್ಲಿ. ಇಲ್ಲಿ ಮತ್ತೆ ಪರೀಕ್ಷೆ ಬರೆಯಬೇಕಾ? – ಮಡಗಾಂವ್

ಬೇಡ. ಯಾವ ರಾಜ್ಯದ ಲೈಸೆನ್ಸ್ ಆದರೂ ಇಡೀ ದೇಶಕ್ಕೆ ನಡೆಯುತ್ತದೆ.

ಪರೀಕ್ಷೆ ಈಗ ಮನೆಯಿಂದಲೇ ಕೊಡಬಹುದಂತೆ. ನಮ್ಮ ಪರಿಚಯದ ಏಜೆಂಟ್ ‘ಆಧಾರ್ ಕೊಡಿ, ಪರೀಕ್ಷೆ ನಾನೇ ಮುಗಿಸ್ತೀನಿ’ ಅಂತಿದ್ದಾನೆ. ಎಲ್ಲರೂ ಹಾಗೇ ಮಾಡಿಸ್ತಾರಂತೆ. ತಪ್ಪಾ? – ಮುಲುಂಡಿನಿಂದ ಒಬ್ಬ ಓದುಗ

ತಪ್ಪು. ದಯವಿಟ್ಟು ಮಾಡಿಸಬೇಡಿ.

ಮನೆಯಿಂದ ಕೊಡಬಹುದು ಅನ್ನುವುದು ನಿಜ. ಮಹಾರಾಷ್ಟ್ರದಲ್ಲಿ 2021ರ ಜೂನ್‌ನಿಂದ ಆಧಾರ್ ಮೂಲಕ ಈ ಅನುಕೂಲ ಬಂದಿದೆ. ಸರ್ಕಾರದ ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕಿ, ರಸ್ತೆ ಸುರಕ್ಷತೆಯ ವಿಡಿಯೊ ನೋಡಿ, ಅಲ್ಲೇ ಪರೀಕ್ಷೆ ಬರೆಯುವುದು. ಕೆಲಸಕ್ಕೆ ರಜೆ ಹಾಕಿ ಸಾಲಿನಲ್ಲಿ ನಿಲ್ಲುವುದು ತಪ್ಪಿತು. ಬಾಣಂತಿಯರಿಗೆ, ಅಂಗಡಿ ಬಿಡಲಾಗದವರಿಗೆ ಎಷ್ಟು ಒಳ್ಳೆಯದಾಯಿತು ಅಂತ ನಾನೇ ಕಂಡಿದ್ದೇನೆ. ಆದರೆ ಆ ಪರೀಕ್ಷೆ ನಿಮ್ಮದು.

ನನ್ನ ಹತ್ತಿರ ಒಬ್ಬ ಹುಡುಗ ಕಲಿಯಲು ಬಂದಿದ್ದ. ಕೈ ಚುರುಕು, ಎರಡನೇ ದಿನಕ್ಕೇ ಗೇರ್ ಸಲೀಸು. ಕಲ್ಯಾಣ–ಶಿಳ್ ರಸ್ತೆಗೆ ಕರೆದುಕೊಂಡು ಹೋಗಿದ್ದೆ. ಬೆಳಗಿನ ಹೊತ್ತು. ಒಂದು ಕೂಡುರಸ್ತೆಯಲ್ಲಿ ಸಿಗ್ನಲ್ ಕೆಂಪಾಗಿ ಮಿಣಮಿಣ ಅಂತಿತ್ತು. ಅವನು ವೇಗ ತಗ್ಗಿಸಲೇ ಇಲ್ಲ. ನನ್ನ ಕಾಲಿನ ಕೆಳಗಿನ ಬ್ರೇಕ್ ಒತ್ತಿದೆ. ಒಂದು ಟ್ಯಾಂಕರ್ ನಮ್ಮ ಬಾನೆಟ್ಟಿನ ಮುಂದೆ ಹಾದು ಹೋಯಿತು, ಅದರ ಗಾಳಿಗೆ ಕಾರು ಅಲುಗಾಡಿತು. ‘ಮಿಣುಕುತ್ತಿತ್ತಲ್ಲ, ನಿಧಾನವಾಗಿ ಹೋಗಬಹುದು ಅಂದುಕೊಂಡೆ’ ಅಂದ. ಅದು ಹಳದಿಗೆ. ಹಳದಿ ಮಿಣುಕಿದರೆ ನಿಧಾನ, ಎಚ್ಚರ. ಕೆಂಪು ಮಿಣುಕಿದರೆ ಪೂರ್ತಿ ನಿಂತು, ನೋಡಿ, ಆಮೇಲೆ. ಪರೀಕ್ಷೆಗೆ ಓದಿದವರಿಗೆ ಗೊತ್ತಿರುವ ಸಂಗತಿ. ವಿಚಾರಿಸಿದರೆ, ಅವನ ಪರೀಕ್ಷೆ ಬೇರೆ ಯಾರೋ ಬರೆದಿದ್ದರು. ಅವತ್ತು ಮನೆಗೆ ಬಂದು ನನಗೆ ಊಟ ಸೇರಲಿಲ್ಲ. ಮರುದಿನದಿಂದ ಕಾರಿಗೆ ಹತ್ತುವ ಮೊದಲು ಪ್ರತಿಯೊಬ್ಬರಿಗೂ ಹತ್ತು ಪ್ರಶ್ನೆ ಕೇಳಲು ಶುರು ಮಾಡಿದೆ.

ಅಪಘಾತವಾದರೆ ಏನು ಮಾಡಬೇಕು ಅನ್ನುವ ಪ್ರಶ್ನೆಯೂ ಅದರಲ್ಲೇ ಇರುತ್ತದೆ. ಗಾಯವಾದವರನ್ನು ಹತ್ತಿರದ ಆಸ್ಪತ್ರೆಗೆ ಸೇರಿಸಬೇಕು. 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ಬಿಳಿ ಕೋಲು ಹಿಡಿದ ಅಂಧರು ರಸ್ತೆ ದಾಟುತ್ತಿದ್ದರೆ ಗಾಡಿ ನಿಲ್ಲಿಸಬೇಕು, ಆ ಕೋಲೇ ‘ನಿಲ್ಲು’ ಅನ್ನುವ ಚಿಹ್ನೆ. ಇದನ್ನೆಲ್ಲ ಏಜೆಂಟ್ ಓದಿದರೆ ನಿಮಗೆ ಏನು ಬಂತು? ಲರ್ನಿಂಗಿಗೆ ಸರ್ಕಾರ ತೆಗೆದುಕೊಳ್ಳುವುದು ಒಂದು ಬಗೆಯ ಗಾಡಿಗೆ 150, ಪರೀಕ್ಷೆಗೆ 50. ಒಂದು ವಾರ, ದಿನಾ ಅರ್ಧ ಗಂಟೆ ಕೂತರೆ ಸಾಕು.

ಪಾಸಾದೆ! 15ಕ್ಕೆ 13. ನಾಳೆಯಿಂದ ಒಬ್ಬಳೇ ಕಾರು ತೆಗೆಯಬಹುದಾ? – ಘಾಟ್‌ಕೋಪರ್

ತುಂಬಾ ಸಂತೋಷವಾಯಿತು. ಆದರೆ ಒಬ್ಬಳೇ ಬೇಡ. ಪಕ್ಕದಲ್ಲಿ ಪಕ್ಕಾ ಲೈಸೆನ್ಸ್ ಇರುವವರು ಕೂತಿರಬೇಕು, ಬೇಕಾದರೆ ಗಾಡಿ ನಿಲ್ಲಿಸಲು ಅವರ ಕೈ ತಲುಪುವಂತಿರಬೇಕು. ಹಿಂದೆ ಮುಂದೆ ಎರಡೂ ಕಡೆ ಬಿಳಿಯ ಮೇಲೆ ಕೆಂಪು ಎಲ್ ಇರಲಿ. ಎಲ್ ಬರೆದ ಫಲಕ 18 ಸೆಂಟಿಮೀಟರ್ ಚೌಕ, ಅಕ್ಷರದ ಎತ್ತರ 10 ಸೆಂಟಿಮೀಟರ್. ಲರ್ನಿಂಗ್ ನಡೆಯುವುದು ಆರು ತಿಂಗಳು. 30 ದಿನ ಕಳೆದ ಮೇಲೆ ಪಕ್ಕಾ ಲೈಸೆನ್ಸಿಗೆ ಗಾಡಿ ಓಡಿಸಿ ತೋರಿಸಲು ದಿನ ಹಿಡಿಯಿರಿ. ಕೊನೆಯ ವಾರದ ತನಕ ಕಾಯಬೇಡಿ, ದಿನ ಸಿಗದೆ ಲರ್ನಿಂಗ್ ಮುಗಿದವರನ್ನು ನೋಡಿದ್ದೇನೆ. ಮತ್ತೆ ತಪ್ಪಾದ ಆ ಎರಡು ಪ್ರಶ್ನೆ ಯಾವುದು ಅಂತ ನನಗೆ ಬರೆಯಿರಿ.