ಬಳಪದ ಕಲ್ಲು, ಗವಂತಿ ಹೊಲಿಗೆ, ಪಂಡಿತರ ಕ್ಯಾಲೆಂಡರು

ಸವಣೂರಿನ ಶಿಕ್ಷಕಿಯೊಬ್ಬರ ಪತ್ರದ ಸಾರ: ‘ಕಳೆದ ಸಂಚಿಕೆಯಲ್ಲಿ ಒಬ್ಬ ಕಲಾವಿದರನ್ನು ಪರಿಚಯಿಸುತ್ತ ಮತ್ತೆ ಮತ್ತೆ “ವಿಶಿಷ್ಟ ಶೈಲಿ” ಎಂದು ಬರೆದಿದ್ದೀರಿ. ಶೈಲಿ ಅಂದರೆ ಚಿತ್ರದಲ್ಲಿ ಏನನ್ನು ನೋಡಬೇಕು? ನಿಮಗೆ ಮನಸ್ಸಿಗೆ ಹಿಡಿಸಿದ ಕಲಾವಿದರು ಯಾರು, ಯಾಕೆ? ನನಗಂತೂ ಕ್ಯಾಲೆಂಡರಿನ ದೇವರ ಚಿತ್ರ ಬಿಟ್ಟು ಬೇರೆ ಗೊತ್ತಿಲ್ಲ. ಮಗಳಿಗೆ ಚಿತ್ರದ ಹುಚ್ಚು. ಅವಳಿಗೆ ಯಾರದನ್ನು ತೋರಿಸಲಿ?’

ಅಕ್ಕೋರೆ,

ಕೇಳಬೇಕಾದ್ದನ್ನೇ ಕೇಳಿದ್ದೀರಿ. ನಾನು ಮೆಚ್ಚುವವರು ಬೇರೆ ಬೇರೆ ಕಾಲದವರು, ಬೇರೆ ಬೇರೆ ಕಸುಬಿನವರು. ಮೆಚ್ಚುವ ಕಾರಣ ಮಾತ್ರ ಒಂದೇ. ಕೈಯಲ್ಲಿರುವ ಕಲ್ಲು, ನೂಲು, ಬಣ್ಣ ಏನು ಕೊಟ್ಟೀತು, ಏನು ಕೊಡಲಾರದು ಎಂಬುದನ್ನು ಅವರೆಲ್ಲ ಚೆನ್ನಾಗಿ ಬಲ್ಲವರು. ಶೈಲಿ ಹುಟ್ಟುವುದು ಅಲ್ಲೇ ಎಂದು ನಾನು ನಂಬಿದ್ದೇನೆ.

ಗದಗ ಹತ್ತಿರದ ಲಕ್ಕುಂಡಿಯ ಗುಡಿಗಳಿಂದ ಶುರು ಮಾಡೋಣ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನವರು ಕಡೆದದ್ದು ಮರಳುಗಲ್ಲನ್ನು. ತುಂಬು ಮೈಕಟ್ಟಿನ ದೊಡ್ಡ ಮೂರ್ತಿಗಳು ಅದರಲ್ಲಿ ಒಪ್ಪವಾಗಿ ಬರುತ್ತವೆ. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಗದಗ ಸೀಮೆಯ ಶಿಲ್ಪಿಗಳು ನುಣುಪಾದ ಬಳಪದ ಕಲ್ಲಿಗೆ ಹೊರಳಿದರು. ಗಣಿಯಿಂದ ತೆಗೆದ ಹೊಸತರಲ್ಲಿ ಅದು ಉಳಿಯ ಮಾತು ಕೇಳುತ್ತದೆ, ಗಾಳಿ ಬಿಸಿಲು ತಾಗಿದಂತೆ ಗಟ್ಟಿಯಾಗುತ್ತದೆ. ಅದರ ಫಲವನ್ನು ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದಲ್ಲಿ ನೋಡಬೇಕು. ಪಟ್ಟಿಯ ಪಕ್ಕಕ್ಕೆ ಪಟ್ಟಿ, ಒಂದೊಂದರಲ್ಲೂ ಬಳ್ಳಿ, ಬಳ್ಳಿಯ ಸುರುಳಿಯೊಳಗೆ ಪುಟ್ಟ ಪುಟ್ಟ ರೂಪಗಳು. ಎಲೆಯ ಹಿಂದಕ್ಕೂ ಉಳಿ ಹೋಗಿರುವುದರಿಂದ ಅಲ್ಲಿ ಕಪ್ಪು ನೆರಳು ನಿಲ್ಲುತ್ತದೆ. ಆ ನೆರಳಿನಿಂದಾಗಿಯೇ ಬಳ್ಳಿ ಕಲ್ಲಿನಿಂದ ಎದ್ದು ಬಂದಂತೆ ಕಾಣುವುದು. ತಿರುಗಣಿಗೆ ಹಿಡಿದು ಕಡೆದ ಕಂಬಗಳ ಅಂಚುಗಳೂ ಅಷ್ಟೇ ಚೂಪು. ಅದೇ ಊರಿನಲ್ಲಿ 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿಯಿದೆ. ಡಂಬಳದ ದೊಡ್ಡಬಸಪ್ಪನ ಗುಡಿಯ ಗರ್ಭಗುಡಿಯನ್ನಂತೂ 24 ಮೂಲೆಯ ನಕ್ಷತ್ರದ ಆಕಾರದಲ್ಲಿ ಎಬ್ಬಿಸಿದ್ದಾರೆ. ಬಿಸಿಲು ಸರಿದಂತೆಲ್ಲ ಅದರ ಗೋಡೆಯ ರೂಪವೇ ಬದಲಾಗುತ್ತದೆ.

ಕಸೂತಿ ಹಾಕುವ ನಮ್ಮ ಹೆಣ್ಣುಮಕ್ಕಳನ್ನೂ ನಾನು ಇದೇ ಸಾಲಿನಲ್ಲಿ ಕೂಡಿಸುತ್ತೇನೆ. ಧಾರವಾಡದ ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಅದರಲ್ಲೊಂದಾದ ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಅದೇ ಹಾದಿಯಲ್ಲಿ ಹಿಂದಿರುಗುವಾಗ ಬಿಟ್ಟ ಜಾಗ ತುಂಬುತ್ತದೆ. ಗಂಟು ಹಾಕುವಂತಿಲ್ಲ, ಎರಡೂ ಮಗ್ಗುಲು ಒಂದೇ ಥರ ಕಾಣಬೇಕು. ಹೀಗಾಗಿ ಮೊದಲ ಹೊಲಿಗೆ ಹಾಕುವಾಗಲೇ ನೂಲು ತಿರುಗಿ ಬರುವ ದಾರಿ ತಲೆಯಲ್ಲಿರಬೇಕು. ಎಳೆ ಎಣಿಸುವ ಹೊಲಿಗೆಯಲ್ಲಿ ಗೆರೆ ಅಡ್ಡ, ಉದ್ದ, ಓರೆ ಹೋದೀತೇ ಹೊರತು ದುಂಡಗೆ ತಿರುಗದು. ಅದಕ್ಕೇ ಅಂಬಾರಿ ಆನೆಯ ಬೆನ್ನು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಗೋಪುರ, ತೇರು, ತುಳಸಿಕಟ್ಟೆಗಳಿಗೆ ಆ ಬಿಗಿಯಾದ ಚೆಲುವು ಬರುತ್ತದೆ. ಇದನ್ನು ಬಿಡುವಿನ ವೇಳೆಯ ಕೈಗೆಲಸ ಎಂದು ಪಕ್ಕಕ್ಕಿಡುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಕ್ಯಾಲೆಂಡರ್ ಚಿತ್ರದ ಬಗ್ಗೆ ಸಂಕೋಚಪಟ್ಟು ಬರೆದಿದ್ದೀರಿ. ಸಂಕೋಚ ಯಾಕೆ? ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮುಂಬೈಯಲ್ಲಿ ಸಿನಿಮಾ ಪೋಸ್ಟರುಗಳಿಂದ ಹೆಸರು ಮಾಡಿದವರು. ಅವರ ರಾಮಾಯಣ, ಮಹಾಭಾರತದ ಚಿತ್ರಗಳು ಕ್ಯಾಲೆಂಡರಾಗಿ ಮನೆಮನೆಯ ಗೋಡೆ ಸೇರಿದವು. ಅವರು ಪಳಗಿಸಿಕೊಂಡದ್ದು ಗ್ವಾಶ್ ಬಣ್ಣವನ್ನು. ನೀರಿನಲ್ಲಿ ಕಲಸುವ ಬಣ್ಣವಾದರೂ ಕೆಳಗಿನದು ಕಾಣದಷ್ಟು ದಟ್ಟ. ಬೇಗ ಒಣಗುತ್ತದೆ, ಒಣಗಿದ ಮೇಲೆ ಛಾಯೆ ಬದಲಾಗುತ್ತದೆ. ಎಣ್ಣೆಬಣ್ಣದ ಹಾಗೆ ತೀಡುತ್ತ ಕೂರಲು ಅದು ಬಿಡದು. ಅಂಥ ಬಣ್ಣದಲ್ಲಿ ಅವರು ಮೈಚರ್ಮದ ಬಿಸುಪು, ರೇಷ್ಮೆಯ ಹೊಳಪು, ಸ್ನಾಯುವಿನ ಬಿಗಿತ ತಂದರು. ರಾಜಾ ರವಿವರ್ಮರ ದೇವತೆಗಳು ನಿಂತು ದರ್ಶನ ಕೊಡುತ್ತಾರೆ. ಪಂಡಿತರ ವೀರರು ಈಗಲೋ ಇನ್ನೊಂದು ಗಳಿಗೆಗೋ ಹೆಜ್ಜೆ ಕೀಳುವಂತಿರುತ್ತಾರೆ. ಸಿನಿಮಾದ ಕೆಲಸ ಅವರಿಗೆ ಕೊಟ್ಟ ಬಳುವಳಿ ಅದು ಎಂದು ನನ್ನ ಅನಿಸಿಕೆ.

ಕೆ.ಕೆ. ಹೆಬ್ಬಾರರದು ಇದಕ್ಕೆ ತೀರ ಬೇರೆ ದಾರಿ. ಉಡುಪಿ ಕಡೆಯ ಕಟ್ಟಿಂಗೇರಿಯವರು, ಲಯ ಅರಿಯಬೇಕೆಂದು ಕಥಕ್ ಕಲಿತವರು. ಅವರ ವರ್ಣಚಿತ್ರಗಳಿಗಿಂತ ರೇಖೆಗಳೇ ನನಗೆ ಹೆಚ್ಚು. ನರ್ತಕಿಯ ಮುಖವಿಲ್ಲ, ಒಡವೆಯಿಲ್ಲ, ಒಂದು ಎಳೆತದಲ್ಲಿ ಬೆನ್ನಿನಿಂದ ಹಿಮ್ಮಡಿಯವರೆಗೆ ತಾಳ ಹರಿದಿರುತ್ತದೆ.

ಇನ್ನು ನಿಮ್ಮ ಹಾವೇರಿ ಜಿಲ್ಲೆಯವರೇ ಆದ ಕಲಾವಿದ ಟಿ.ಬಿ. ಸೊಲಬಕ್ಕನವರ. 2020ರಲ್ಲಿ ತೀರಿಕೊಂಡರು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ, ಹೆದ್ದಾರಿಯ ಬದಿಗೆ, ಅವರು ಎಬ್ಬಿಸಿದ ಉತ್ಸವ ರಾಕ್ ಗಾರ್ಡನ್‌ನಲ್ಲಿ ಉತ್ತರ ಕರ್ನಾಟಕದ ಒಂದು ಇಡೀ ಹಳ್ಳಿ ಸಿಮೆಂಟಿನ ಮೂರ್ತಿಗಳಾಗಿ ಬದುಕುತ್ತಿದೆ. ಸಿಮೆಂಟಿನ ಕೆಲಸ ಎಂದು ಮೂಗು ಮುರಿಯುವವರನ್ನು ಕಂಡಿದ್ದೇನೆ. ಕಲ್ಲಾದರೆ ಕಡೆದು ತೆಗೆಯುತ್ತ ಹೋಗಬೇಕು, ಸಿಮೆಂಟನ್ನು ಮೆತ್ತಿ ಮೆತ್ತಿ ಬೆಳೆಸಬೇಕು. ಮೆತ್ತುವ ಕೈಗೆ ಪಟಗದ ಸುತ್ತು, ಕಚ್ಚೆಯ ನಿರಿಗೆ, ದುಡಿದ ಕೈಯ ನರಗಳು ಒದಗಿ ಬರುತ್ತವೆ. ಆ ಮೂರ್ತಿಗಳಿಗೆ ಪೀಠವಿಲ್ಲ. ಒಕ್ಕಲುತನದ, ಕುಸ್ತಿಯ, ಸಂತೆಯ ಮಂದಿ ನಾವು ನಿಂತ ನೆಲದ ಮೇಲೆಯೇ ನಿಂತಿದ್ದಾರೆ. ಅದು ದೊಡ್ಡ ನಿರ್ಧಾರ. ದೇವರಿಗೆ, ಅರಸರಿಗೆ ಮೀಸಲಾಗಿದ್ದ ಕಸುಬನ್ನು ಅವರು ಒಕ್ಕಲಿಗನಿಗೂ ಕುಂಬಾರನಿಗೂ ಕೊಟ್ಟರು.

ಧಾರವಾಡದ ಡಿ.ವಿ. ಹಾಲಭಾವಿ, ಗದಗಿನ ಟಿ.ಪಿ. ಅಕ್ಕಿ, ಹುಬ್ಬಳ್ಳಿಯ ಎಂ.ವಿ. ಮಿಣಜಗಿಯವರನ್ನು ಬಿಟ್ಟು ಈ ಮಾತು ಮುಗಿಸಿದರೆ ತಪ್ಪಾದೀತು. ಕಲಾಶಾಲೆ ಕಟ್ಟಿ ಈ ಸೀಮೆಗೆ ಡ್ರಾಯಿಂಗ್ ಮಾಸ್ತರರನ್ನು ಕೊಟ್ಟವರು. ಅವರ ಬಗ್ಗೆ ಪ್ರತ್ಯೇಕ ಲೇಖನವನ್ನೇ ಬರೆಯಿಸುತ್ತೇವೆ.

ಮಗಳಿಗೆ ಪುಸ್ತಕ ಕೊಡಿಸುವ ಮೊದಲು, ಮನೆಯಲ್ಲಿ ಹಿರಿಯರ ಕಸೂತಿಯ ಕಪ್ಪು ಚಂದ್ರಕಾಳಿ ಸೀರೆಯಿದ್ದರೆ ಸೆರಗನ್ನು ಮಗುಚಿ ಹಾಸಿ. ಒಂದು ಗೋಪುರವನ್ನು ಚೌಕದ ಹಾಳೆಯಲ್ಲಿ ಎಣಿಸಿ ಇಳಿಸಲಿ. ಆಮೇಲೆ ಒಂದು ರವಿವಾರ ಗೊಟಗೋಡಿಗೆ ಕರೆದೊಯ್ಯಿರಿ, ನಿಮ್ಮೂರಿನಿಂದ ದೂರವೇನಲ್ಲ. ಲಕ್ಕುಂಡಿ ಬೇಸಿಗೆ ರಜೆಗಿರಲಿ, ಒಂದು ಇಡೀ ದಿನ ಬೇಕು. ಅವಳು ಇಳಿಸಿದ ಗೋಪುರವನ್ನು ನಮಗೆ ಕಳಿಸಿ, ಅಚ್ಚು ಹಾಕುತ್ತೇವೆ.

– ಸಂ.