ಓದುಗರ ಪ್ರಶ್ನೆ: ಟ್ಯಾಲಿಯಲ್ಲೊಂದು ಲೆಕ್ಕ, ಆನ್‌ಲೈನ್ ಅಂಗಡಿಯಲ್ಲೊಂದು ಲೆಕ್ಕ

ಪ್ರಶ್ನೆ: ನಮ್ಮದು ಚನ್ನಪಟ್ಟಣದಲ್ಲಿ ಮರದ ಗೊಂಬೆಗಳ ಅಂಗಡಿ. ಬಿಲ್ಲಿಂಗ್ ಟ್ಯಾಲಿಪ್ರೈಮ್‌ನಲ್ಲಿ, ಆನ್‌ಲೈನ್ ಮಾರಾಟ ವೂಕಾಮರ್ಸ್‌ನಲ್ಲಿ. ಸ್ಟಾಕ್, ಬೆಲೆ, ಆರ್ಡರ್ ಎರಡೂ ಕಡೆ ತಾನಾಗಿಯೇ ತಾಳೆಯಾಗಬೇಕು. ಪೈಥಾನ್ ಬಲ್ಲ ಹುಡುಗ ಇದ್ದಾನೆ. ಎಲ್ಲಿಂದ ಶುರು ಮಾಡುವುದು?

ಉತ್ತರ: ಕೋಡ್‌ಗಿಂತ ಮೊದಲು, ಯಾವ ಮಾಹಿತಿಗೆ ಯಾವ ಕಡೆ ಯಜಮಾನಿಕೆ ಎಂದು ಬರೆದಿಡಿ. ಬೆಲೆ, ಸ್ಟಾಕ್, ಎಚ್‌ಎಸ್‌ಎನ್ ಕೋಡ್ (ಜಿಎಸ್‌ಟಿಗಾಗಿ ಸರಕಿನ ವರ್ಗ ಹೇಳುವ ಸಂಖ್ಯೆ) ಟ್ಯಾಲಿಯದು. ಫೋಟೊ, ವಿವರಣೆ, ಆರ್ಡರ್, ಗ್ರಾಹಕರ ವಿಳಾಸ ವೂಕಾಮರ್ಸ್‌ನದು. ಎರಡೂ ಕಡೆ ತಿದ್ದಬಹುದಾದ ಕಾಲಂ ನಿಮ್ಮಂಥ ಅಂಗಡಿಗೆ ಒಂದೂ ಬೇಕಿಲ್ಲ.

ಆಮೇಲೆ ಗುರುತು. ಸರಕಿನ ಹೆಸರು ನೋಡಿ ಹೊಂದಿಸಲು ಹೋಗಬೇಡಿ. ಒಂದು ಸ್ಪೇಸ್ ಹೆಚ್ಚಾದರೂ ಬೇರೆ ಸರಕಾಗಿಬಿಡುತ್ತದೆ. ವೂಕಾಮರ್ಸ್‌ನಲ್ಲಿ ಪ್ರತಿ ಸರಕಿಗೂ ಕೊಡುವ ಪ್ರತ್ಯೇಕ ಗುರುತಾದ ಎಸ್‌ಕೆಯು ಸಂಖ್ಯೆಯನ್ನೇ ಟ್ಯಾಲಿಯ ಸ್ಟಾಕ್ ಐಟಂನಲ್ಲಿ ಪಾರ್ಟ್ ನಂಬರ್ ಆಗಿ ಹಾಕಿ. ಬಣ್ಣ, ಅಳತೆ ಬೇರೆಯಿದ್ದರೆ ಎಸ್‌ಕೆಯು ಕೂಡ ಬೇರೆ.

ಟ್ಯಾಲಿಯಲ್ಲಿ ಎಫ್1 ಒತ್ತಿ ಸೆಟ್ಟಿಂಗ್ಸ್, ಕನೆಕ್ಟಿವಿಟಿಗೆ ಹೋಗಿ ಕ್ಲೈಂಟ್/ಸರ್ವರ್ ಆಯ್ಕೆಯಲ್ಲಿ 'ಬೋತ್' ಕೊಡಿ. ಪೋರ್ಟ್ (ಬೇರೆ ಪ್ರೋಗ್ರಾಂ ಟ್ಯಾಲಿಯನ್ನು ತಲುಪುವ ಬಾಗಿಲಿನ ಸಂಖ್ಯೆ) ಸಾಮಾನ್ಯವಾಗಿ 9000. ನಿಮ್ಮ ಹುಡುಗ ಬರೆಯುವ ಪೈಥಾನ್ ಸ್ಕ್ರಿಪ್ಟ್ ಅದೇ ಕಂಪ್ಯೂಟರಿನಲ್ಲಿ ಓಡಲಿ. ಟ್ಯಾಲಿಗೆ ಎಕ್ಸ್‌ಎಂಎಲ್ (ಟ್ಯಾಗ್‌ಗಳಲ್ಲಿ ಬರೆದ ಮಾಹಿತಿ) ಕಳಿಸಿ ಉತ್ತರ ಪಡೆಯಲಿ. ಟ್ಯಾಲಿ ತೆರೆದಿದ್ದು, ಕಂಪನಿಯೂ ಲೋಡ್ ಆಗಿರಬೇಕು. ಹೊರಗಿನಿಂದ ತಲುಪಲೆಂದು ರೂಟರ್‌ನಲ್ಲಿ ಈ ಪೋರ್ಟ್ ತೆರೆದಿಡುವುದು ಮಾತ್ರ ಬೇಡವೇ ಬೇಡ. ಸ್ಕ್ರಿಪ್ಟೇ 5 ನಿಮಿಷಕ್ಕೊಮ್ಮೆ ವೂಕಾಮರ್ಸ್‌ನ ಬಾಗಿಲು ತಟ್ಟಲಿ.

ಪ್ರತಿ ಸುತ್ತಿನಲ್ಲೂ ಮೊದಲು ಆರ್ಡರ್ ಒಳಗೆ, ನಂತರ ಸ್ಟಾಕ್ ಹೊರಗೆ. ಇದು ತಿರುವುಮುರುವಾದರೆ ಏನಾಗುತ್ತದೆ ನೋಡಿ: ಟ್ಯಾಲಿಯಲ್ಲಿ 12 ಗೊಂಬೆ ಇವೆ. ವೆಬ್‌ಸೈಟಿನಲ್ಲಿ 2 ಹೋದವು, ಅಲ್ಲೀಗ 10. ಆ ಆರ್ಡರ್ ಟ್ಯಾಲಿ ಸೇರುವ ಮೊದಲೇ ಸ್ಕ್ರಿಪ್ಟ್ 12 ಎಂದು ಕಳಿಸಿದರೆ, ಮಾರಿದ ಎರಡು ಗೊಂಬೆ ಮತ್ತೆ ಮಾರಾಟಕ್ಕೆ ಕೂರುತ್ತವೆ. ಯಾವುದೋ ಆರ್ಡರ್ ಟ್ಯಾಲಿಗೆ ಹೋಗದೆ ಸಿಕ್ಕಿಕೊಂಡಿದ್ದರೆ ಅದರಲ್ಲಿರುವ ಗೊಂಬೆಗಳ ಸಂಖ್ಯೆಯನ್ನು ಕಳೆದೇ ಸ್ಟಾಕ್ ಕಳಿಸಬೇಕು. 'ಪೆಂಡಿಂಗ್' ಆರ್ಡರ್‌ಗಳನ್ನು ಮುಟ್ಟಬೇಡಿ, ಅವುಗಳ ಹಣ ಇನ್ನೂ ಬಂದಿಲ್ಲ. 'ಪ್ರೊಸೆಸಿಂಗ್' ಆದವನ್ನು ಮಾತ್ರ ತನ್ನಿ.

ಸ್ಟಾಕ್ ಬದಲಾಗಿದೆಯೇ ಎಂದು ತಿಳಿಯಲು ಹಲವರು ಸ್ಟಾಕ್ ಐಟಂನ ಆಲ್ಟರ್‌ಐಡಿ (ದಾಖಲೆ ತಿದ್ದಿದಾಗ ಏರುವ ಸಂಖ್ಯೆ) ನೋಡುತ್ತಾರೆ. ಬಿಲ್ ಹಾಕಿದಾಗ ಅದು ಏರುವುದಿಲ್ಲ, ಐಟಂನ ಮಾಸ್ಟರನ್ನೇ, ಅಂದರೆ ಮೂಲ ದಾಖಲೆಯನ್ನೇ, ತಿದ್ದಿದಾಗ ಮಾತ್ರ ಏರುತ್ತದೆ. ಹಾಗಾಗಿ ಕ್ಲೋಸಿಂಗ್ ಬ್ಯಾಲೆನ್ಸ್ (ಉಳಿದ ಸ್ಟಾಕ್) ಓದಿ, ಹಿಂದಿನ ಸಲ ಕಳಿಸಿದ್ದರ ಜೊತೆ ಹೋಲಿಸಿ, ಬದಲಾದವನ್ನಷ್ಟೇ ಕಳಿಸಿ. ಸಂಖ್ಯೆಯ ಜೊತೆ ಯೂನಿಟ್ ಹೆಸರೂ ಅಂಟಿಕೊಂಡು ಬರುತ್ತದೆ, ಬೇರ್ಪಡಿಸಿ. ಮೈನಸ್ ಬಂದರೆ 0 ಕಳಿಸಿ.

ಬಿಲ್ ವಿಷಯದಲ್ಲಿ ಎರಡು ಎಚ್ಚರ. ಟ್ಯಾಲಿ ತಪ್ಪನ್ನು ಹೇಳುವಾಗಲೂ ಎಚ್‌ಟಿಟಿಪಿ ಉತ್ತರ 200 (ಎಲ್ಲ ಸರಿ) ಎಂದೇ ಇರುತ್ತದೆ. ಒಳಗಿನ 'ಕ್ರಿಯೇಟೆಡ್', 'ಎರರ್ಸ್', 'ಲೈನ್‌ಎರರ್' ಓದದೆ ಆರ್ಡರ್ ಮುಗಿಯಿತೆಂದು ಗುರುತು ಹಾಕಬೇಡಿ. ಎರಡನೆಯದು ಡಬಲ್ ಬಿಲ್. ಟ್ಯಾಲಿ ಬಿಲ್ ಮಾಡಿಕೊಂಡಿರುತ್ತದೆ, ಉತ್ತರ ಬರುವಷ್ಟರಲ್ಲಿ ಸಂಪರ್ಕ ಕಡಿದಿರುತ್ತದೆ, ಸ್ಕ್ರಿಪ್ಟ್ ಮತ್ತೆ ಕಳಿಸುತ್ತದೆ. ಆರ್ಡರ್ ಸಂಖ್ಯೆಯನ್ನು ವೋಚರಿನ (ಟ್ಯಾಲಿಯಲ್ಲಿ ಬಿಲ್ಲಿನಂಥ ವಹಿವಾಟಿನ ದಾಖಲೆ) ರಿಮೋಟ್‌ಐಡಿ ಎಂಬ ಗುರುತಿನಲ್ಲಿ ಇಟ್ಟರೆ ಎರಡನೇ ಸಲ ಹೊಸ ಬಿಲ್ ಹುಟ್ಟದೆ ಹಳೆಯದೇ ತಿದ್ದುಪಡಿಯಾಗುತ್ತದೆ. ಆರ್ಡರ್ ಸಂಖ್ಯೆಯನ್ನೇ ಬಿಲ್ ಸಂಖ್ಯೆ ಮಾಡುವ ಆಸೆ ಬೇಡ: ಜಿಎಸ್‌ಟಿ ನಿಯಮ 46ರ ಪ್ರಕಾರ ಬಿಲ್ ಸಂಖ್ಯೆ ಕ್ರಮವಾಗಿ ಬರಬೇಕು, ವೂಕಾಮರ್ಸ್‌ನ ಆರ್ಡರ್ ಸಂಖ್ಯೆಗಳು ನಡುನಡುವೆ ಹಾರುತ್ತವೆ.

(ಲೈಸೆನ್ಸ್ ಇಲ್ಲದೆ ಟ್ಯಾಲಿಯ ಎಜುಕೇಷನ್ ಮೋಡ್‌ನಲ್ಲಿ ಪರೀಕ್ಷಿಸುವವರಿಗೆ: ಅಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ವೋಚರ್ ಹಾಕಬಹುದು. ಕೋಡ್ ತಪ್ಪೆಂದು ತಲೆ ಕೆಡಿಸಿಕೊಳ್ಳಬೇಡಿ.)

ಪ್ರಶ್ನೆ: ಬೆಲೆಯನ್ನು ಎರಡೂ ಕಡೆ ತಿದ್ದಲು ಬಿಟ್ಟಿದ್ದೇವೆ. ಒಂದು ಸಲ ತಿದ್ದಿದರೆ ರಾತ್ರಿಯಿಡೀ ಅಪ್‌ಡೇಟ್ ನಿಲ್ಲುವುದೇ ಇಲ್ಲ. ಯಾಕೆ? (ಮೈಸೂರಿನ ಓದುಗರು)

ಉತ್ತರ: ನಿಮ್ಮ ಸ್ಕ್ರಿಪ್ಟ್ ತಾನು ಬರೆದದ್ದನ್ನೇ ಹೊಸ ಬದಲಾವಣೆ ಎಂದುಕೊಳ್ಳುತ್ತಿದೆ. ಟ್ಯಾಲಿಯ ಬೆಲೆ ವೂಕಾಮರ್ಸ್‌ಗೆ ಹೋಯಿತು, ಅಲ್ಲಿ ತಿದ್ದಿದ ಸಮಯ ಬದಲಾಯಿತು, ಅದನ್ನು ಕಂಡು ಟ್ಯಾಲಿಗೆ ಬರೆಯಿತು, ಆಲ್ಟರ್‌ಐಡಿ ಏರಿತು, ಮತ್ತೆ ಶುರು. ಪ್ರತಿ ಎಸ್‌ಕೆಯುಗೂ ಕೊನೆಯದಾಗಿ ಎರಡೂ ಕಡೆ ಒಪ್ಪಿದ ಬೆಲೆಯನ್ನು ಪ್ರತ್ಯೇಕ ಟೇಬಲ್‌ನಲ್ಲಿಡಿ. ಬಂದ ಬೆಲೆ ಅದೇ ಆಗಿದ್ದರೆ ಬರೆಯಬೇಡಿ. ಒಂದೇ ಕಡೆ ಬದಲಾಗಿದ್ದರೆ ಇನ್ನೊಂದಕ್ಕೆ ಕಳಿಸಿ. ಎರಡೂ ಬದಲಾಗಿದ್ದರೆ ಟ್ಯಾಲಿಯದನ್ನೇ ಉಳಿಸಿ ಮಾಲೀಕರಿಗೆ ಸಂದೇಶ ಹೋಗಲಿ. 450 ಮತ್ತು 450.00 ಎರಡನ್ನೂ ಅಕ್ಷರವಾಗಿ ಹೋಲಿಸಿದರೆ ಬೇರೆ ಬೇರೆ. ಮೊದಲು ಸಂಖ್ಯೆಯಾಗಿ ಪರಿವರ್ತಿಸಿ.

ಸಮಯ ನೋಡಿ ತೀರ್ಮಾನಿಸುತ್ತಿದ್ದರೆ ಇನ್ನೊಂದು ಗುಂಡಿ ಇದೆ. ವೂಕಾಮರ್ಸ್ ಅಂಗಡಿಯ ಸಮಯ, ಜಿಎಂಟಿ ಎರಡನ್ನೂ ಕೊಡುತ್ತದೆ. ಬೆರೆಸಿದರೆ ಐದೂವರೆ ಗಂಟೆಯ ತಿದ್ದುಪಡಿಗಳು ಮಾಯ, ಇಲ್ಲವೇ ಪದೇ ಪದೇ ಹಾಜರ್.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಾವು ಹಲವು ಅಂಗಡಿಗಳಿಗೆ ಇದೇ ಜೋಡಣೆ ಮಾಡಿಕೊಡುತ್ತೇವೆ. ಪ್ರತಿ ಸಲ ಕೈಯಾರೆ ಮಾಡುವ ಬದಲು ಸೆಟಪ್ಪನ್ನೇ ಸ್ವಯಂಚಾಲಿತ ಮಾಡಬಹುದೇ?

ಉತ್ತರ: ಮಾಡಬಹುದು. ಅಂಗಡಿಗೊಂದು ಸೆಟ್ಟಿಂಗ್ ಫೈಲ್ ಇಡಿ: ಟ್ಯಾಲಿ ಕಂಪನಿಯ ಹೆಸರು, ವೆಬ್ ವಿಳಾಸ, ಯಾವ ಕಾಲಂ ಯಾರದು, ಯಾವ ಲೆಡ್ಜರ್, ಯಾವ ಗೋಡೌನ್. ಎಪಿಐ ಕೀಗಳು (ವೂಕಾಮರ್ಸ್‌ಗೆ ಸ್ಕ್ರಿಪ್ಟ್ ಪ್ರವೇಶಿಸಲು ಬೇಕಾದ ಗುಪ್ತ ಕೀಲಿಗಳು) ಆ ಫೈಲಿನಲ್ಲಿ ಇರಕೂಡದು.

ಸೆಟಪ್ ಸ್ಕ್ರಿಪ್ಟ್ ಮೊದಲು ಓದುವ ಕೆಲಸವನ್ನಷ್ಟೇ ಮಾಡಲಿ. ಕೀಗಳಿಗೆ ಓದು-ಬರಹ ಎರಡರ ಅನುಮತಿ ಇದೆಯೇ, ಕಂಪನಿ ತೆರೆದಿದೆಯೇ, ಎಸ್‌ಕೆಯು ಖಾಲಿಯಿರುವ ಅಥವಾ ಎರಡು ಸಲ ಬಂದಿರುವ ಸರಕು ಯಾವುದು. ಒಂದು ತಕರಾರು ಇದ್ದರೂ ಪಟ್ಟಿ ಕೊಟ್ಟು ನಿಂತುಬಿಡಲಿ. ನಿಮ್ಮ ಸಮಯ ನಿಜವಾಗಿ ಹೋಗುವುದು ಈ ಪಟ್ಟಿ ಸರಿಪಡಿಸುವುದರಲ್ಲೇ, ಅದನ್ನು ಅಂಗಡಿಯವರೇ ಮಾಡಲಿ. ಎಲ್ಲ ಸರಿಯಿದ್ದರೆ ವೋಚರ್ ಟೈಪ್, ಲೆಡ್ಜರ್, ವೆಬ್‌ಹುಕ್ (ಆರ್ಡರ್ ಬಂದೊಡನೆ ವೂಕಾಮರ್ಸ್ ತಾನಾಗಿಯೇ ನಿಮ್ಮ ಸರ್ವರ್‌ಗೆ ಕಳಿಸುವ ಸುದ್ದಿ) ಸೃಷ್ಟಿಸಲಿ, ಆದರೆ ಈಗಾಗಲೇ ಇವೆಯೇ ಎಂದು ನೋಡಿಕೊಂಡೇ. ಸ್ಕ್ರಿಪ್ಟ್ ಎರಡನೇ ಸಲ ಓಡಿದಾಗ ಏನೂ ಬದಲಾಗಬಾರದು. ಮೊದಲ ಸ್ಟಾಕ್ ಕಳಿಸುವಾಗ ವೂಕಾಮರ್ಸ್‌ನ ಬ್ಯಾಚ್‌ಗೆ (ಹಲವು ಸರಕನ್ನು ಒಟ್ಟಿಗೆ ಕಳಿಸುವ ವಿಧಾನ) ಒಂದು ಸಲಕ್ಕೆ 100 ಸರಕಿನ ಮಿತಿ ಇದೆ.

ನಿಮ್ಮ ಸರ್ವರ್ ಸತತ 5 ಬಾರಿ ಸರಿಯಾದ ಉತ್ತರ ಕೊಡದಿದ್ದರೆ ವೂಕಾಮರ್ಸ್ ಆ ವೆಬ್‌ಹುಕ್ಕನ್ನು ನಿಲ್ಲಿಸಿಬಿಡುತ್ತದೆ, ಮತ್ತೆ ತಾನಾಗಿ ಶುರುವಾಗದು. ಅದಕ್ಕೆ ಇದೇ ಸೆಟಪ್ ಸ್ಕ್ರಿಪ್ಟನ್ನು ದಿನಾ ರಾತ್ರಿ ಓಡಿಸಿ. ನಿಂತ ವೆಬ್‌ಹುಕ್ ಎಬ್ಬಿಸಿ, ಆ ದಿನದ ಆರ್ಡರ್ ಪಟ್ಟಿಯನ್ನು ಟ್ಯಾಲಿಯ ಜೊತೆ ತಾಳೆ ನೋಡಲಿ.