ಸಂಪಾದಕರ ಉತ್ತರ: ಒಂಬತ್ತೂ ಗೆದ್ದವರನ್ನು ಯಾಕೆ ಕರೆಯಲಿಲ್ಲ?

ತಿಪಟೂರಿನ ನಿವೃತ್ತ ಡ್ರಿಲ್ ಮೇಷ್ಟ್ರೊಬ್ಬರ ಪತ್ರ ಹೀಗಿದೆ: “1951ರ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಒಂಬತ್ತಕ್ಕೆ ಒಂಬತ್ತೂ ಗೆದ್ದಿತು, ಇಬ್ಬರು ಕರಿಯ ಆಟಗಾರರಿದ್ದರು ಅಂತ ದೊಡ್ಡ ಪಂದ್ಯಕ್ಕೆ ಕರೆಯಲಿಲ್ಲ ಎಂದು ಬರೆದಿದ್ದೀರಿ. ನನಗೆ ನಂಬಿಕೆ ಬರಲಿಲ್ಲ. ಸಣ್ಣಪುಟ್ಟ ತಂಡಗಳನ್ನು ಹೊಡೆದವರನ್ನು ಯಾರು ಕರೀತಾರೆ? ಆಮೇಲೆ ಕಾಲೇಜಿನವರೇ ತಂಡ ಮುಚ್ಚಿದರಂತೆ. ಅದೂ ಶಿಕ್ಷೆಯೇ?”

ಮೇಷ್ಟ್ರೇ, ನಿಮ್ಮ ಅನುಮಾನದಲ್ಲಿ ಹುರುಳಿದೆ. (ನಮ್ಮ ಕಾಲ್ಚೆಂಡಲ್ಲ ಇದು, ಚೆಂಡು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ.) ಆ ವರ್ಷ ಅವರು ಸ್ಯಾನ್ ಹೊಸೆ ಸ್ಟೇಟ್ ಜೊತೆ ಎರಡು ಸಲ ಆಡಿದರು. ಎರಡು ಪಂದ್ಯ ಮಿಲಿಟರಿ ಶಿಬಿರದ ತಂಡಗಳ ಜೊತೆ. ಹಿಂದಿನ ವರ್ಷ ಅವರನ್ನು 55–7ರಿಂದ ಚಚ್ಚಿದ್ದ ಸ್ಟ್ಯಾನ್‌ಫರ್ಡ್ ಈ ಸಲ ಪಟ್ಟಿಯಲ್ಲೇ ಇರಲಿಲ್ಲ. ಪತ್ರಕರ್ತರ ಮತದಾನದಲ್ಲಿ ಅವರಿಗೆ ಸಿಕ್ಕಿದ್ದು 14ನೇ ಸ್ಥಾನ.

ಆದರೆ ಕರೆದದ್ದು ಯಾರನ್ನು ಅಂತಲೂ ನೋಡಬೇಕಲ್ವಾ? ಬೌಲ್ ಅಂದರೆ ಹೊಸ ವರ್ಷದ ಹೊತ್ತಿಗೆ ನಡೆಯುವ ಆಹ್ವಾನದ ಪಂದ್ಯ. ಆಗೆಲ್ಲ ನಾಕೌಟ್ ಗೀಕೌಟ್ ಏನಿರಲಿಲ್ಲ, ಸಂಘಟಕರು ಕರೆದವರೇ ಬರಬೇಕಿತ್ತು. ಆ ಸಲ ಗೇಟರ್ ಬೌಲ್‌ಗೆ ಹೋದದ್ದು ಮಯಾಮಿ ಮತ್ತು ಕ್ಲೆಮ್ಸನ್. ಮಯಾಮಿ ಮೂರು ಪಂದ್ಯ ಸೋತಿತ್ತು, ಕ್ಲೆಮ್ಸನ್ ಎರಡು. ಒಂದೂ ಸೋಲದವರು ಮನೆಯಲ್ಲಿದ್ದರು. ಬರೀ ಎದುರಾಳಿಗಳ ಬಲ ನೋಡಿ ಹೀಗೆ ಆಯ್ಕೆ ಮಾಡಿದರು ಅಂದರೆ ನಾನಂತೂ ಒಪ್ಪುವುದಿಲ್ಲ. ಗೇಟರ್, ಆರೆಂಜ್, ಶುಗರ್, ಈ ಮೂರೂ ಬೌಲ್ ನಡೆಯುತ್ತಿದ್ದದ್ದು ದಕ್ಷಿಣದ ರಾಜ್ಯಗಳಲ್ಲಿ. ಇದಾಗಿ ನಾಲ್ಕು ವರ್ಷದ ಮೇಲೂ, 1956ರ ಶುಗರ್ ಬೌಲ್‌ನಲ್ಲಿ ಎದುರಾಳಿ ತಂಡದಲ್ಲಿ ಒಬ್ಬ ಕರಿಯ ಆಟಗಾರ ಇದ್ದಾನೆ ಅಂತ, ಜಾರ್ಜಿಯಾದ ಗವರ್ನರ್ ತಮ್ಮ ರಾಜ್ಯದ ತಂಡ ಆಡಲೇಬಾರದು ಎಂದು ಹಟ ಹಿಡಿದಿದ್ದರು.

ಇನ್ನು ಆ ತಂಡ ಎಂಥದ್ದು ಅನ್ನುವುದಕ್ಕೆ ಒಂದೇ ಪಂದ್ಯ ಸಾಕು. (ನಮ್ಮ ಕಾಲ್ಚೆಂಡಲ್ಲ ಇದು, ಚೆಂಡು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ.) ನ್ಯೂಯಾರ್ಕಿಗೆ ಹೋಗಿ ಫೋರ್ಡಮ್ ಜೊತೆ ಆಡಿದರು. ಸುಲಭದ ಪಂದ್ಯವಲ್ಲ, ಗೆದ್ದದ್ದು 32–26ರಿಂದ. ಎದುರಾಳಿ ಒದ್ದು ಕಳಿಸಿದ ಚೆಂಡನ್ನು ಓಲಿ ಮ್ಯಾಟ್ಸನ್ ತಮ್ಮ ಕೊನೆಯಲ್ಲಿ ಹಿಡಿದು, ಅಡ್ಡ ಬಂದವರನ್ನೆಲ್ಲ ತಪ್ಪಿಸಿ, ಮೈದಾನದ ಆ ತುದಿವರೆಗೂ ಓಡಿಬಿಟ್ಟರು. ಒಂದು ಸಲ ಅಲ್ಲ, ಒಂದೇ ಪಂದ್ಯದಲ್ಲಿ ಎರಡು ಸಲ. ಆ ಸೀಸನ್‌ನಲ್ಲಿ ಅವರು ಓಡಿದ್ದು 1,566 ಗಜ, ಗಳಿಸಿದ್ದು 21 ಟಚ್‌ಡೌನ್ (ಚೆಂಡನ್ನು ಎದುರಾಳಿಯ ತುದಿಗೆ ಮುಟ್ಟಿಸಿದರೆ ಒಂದು ಟಚ್‌ಡೌನ್). ಇಡೀ ದೇಶದಲ್ಲಿ ಅವರಷ್ಟು ಓಡಿದವರು ಇನ್ನೊಬ್ಬರಿಲ್ಲ. ಮ್ಯಾಟ್ಸನ್ ಕರಿಯರು. ಬರ್ಲ್ ಟೋಲರ್ ಇನ್ನೊಬ್ಬರು.

ಆ ಇಬ್ಬರನ್ನು ಬಿಟ್ಟು ಬರುವುದಾದರೆ ನೋಡೋಣ ಅನ್ನುವ ಮಾತು ಕೋಚ್ ಜೋ ಕುಹಾರಿಕ್ ಅವರ ಕಿವಿಗೆ ಬಿತ್ತು ಎಂದು ಆಟಗಾರರು ಮುಂದೆ ಹೇಳಿಕೊಂಡಿದ್ದಾರೆ. ತಂಡ ಒಲ್ಲೆ ಅಂದಿತು. ಮತಕ್ಕೆ ಹಾಕುವ ಪ್ರಶ್ನೆಯೇ ಬರಲಿಲ್ಲವಂತೆ. ಅಲ್ಲಿದ್ದವರೆಲ್ಲ ಎಳೆ ಹುಡುಗರಲ್ಲ. ಜಿನೋ ಮಾರ್ಕೆಟ್ಟಿ ಯುರೋಪಿನಲ್ಲಿ ಜರ್ಮನರ ವಿರುದ್ಧ ಹೋರಾಡಿ ಬಂದು ಕಾಲೇಜು ಸೇರಿದವರು. ಅಂಥವರಿಗೆ “ನಿನ್ನ ಜೊತೆಯವನನ್ನು ಬಿಟ್ಟು ಬಾ” ಎಂದರೆ ಹೇಗಿರುತ್ತದೆ, ನೀವೇ ಹೇಳಿ.

ಆದರೆ ತಂಡ ಮುಚ್ಚಿದ್ದು ಶಿಕ್ಷೆಯಲ್ಲ. ದುಡ್ಡಿನ ತಾಪತ್ರಯ. ಅದು ಜೆಸ್ಯೂಟ್ ಪಾದ್ರಿಗಳು ನಡೆಸುವ ಸಣ್ಣ ಕಾಲೇಜು. ಅವರು ಆಡುತ್ತಿದ್ದ ಕೀಜಾರ್ ಸ್ಟೇಡಿಯಂನಲ್ಲೇ 1946ರಿಂದ ವೃತ್ತಿಪರ ತಂಡ ಫಾರ್ಟಿನೈನರ್ಸ್ ಕೂಡ ಆಡತೊಡಗಿತ್ತು. ಟಿಕೆಟ್ ಕೊಳ್ಳುವವರು ಎರಡು ಕಡೆ ಹಂಚಿಹೋದರು. ಅಕ್ಕಪಕ್ಕದ ಕ್ಯಾಥೊಲಿಕ್ ಕಾಲೇಜುಗಳದ್ದೂ ಇದೇ ಪಾಡು: ಸೇಂಟ್ ಮೇರೀಸ್ ಹಿಂದಿನ ವರ್ಷವೇ ಕೈಬಿಟ್ಟಿತ್ತು, ಸಾಂಟಾ ಕ್ಲಾರಾ ಮುಂದಿನ ವರ್ಷ ಬಿಟ್ಟಿತು. ಬೌಲ್‌ನ ಹಣ ಬಂದಿದ್ದರೆ ಇವರದ್ದು ಒಂದೆರಡು ವರ್ಷ ಉಸಿರಾಡುತ್ತಿತ್ತೇನೋ. ಜಾಸ್ತಿ ದಿನ ಅಲ್ಲ ಅನ್ನುವುದು ನನ್ನ ಲೆಕ್ಕ.

ತಂಡ ಹೋಯಿತು, ಆಟಗಾರರು ಹೋಗಲಿಲ್ಲ. ಮ್ಯಾಟ್ಸನ್, ಮಾರ್ಕೆಟ್ಟಿ, ಆರಡಿ ಒಂಬತ್ತಿಂಚಿನ ಬಾಬ್ ಸೇಂಟ್ ಕ್ಲೇರ್, ಮೂವರೂ ವೃತ್ತಿಪರ ಫುಟ್‌ಬಾಲ್‌ನ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ತಂಡದ ಸುದ್ದಿಯನ್ನು ಪತ್ರಿಕೆಗಳಿಗೆ ಮುಟ್ಟಿಸುತ್ತಿದ್ದ ಪೀಟ್ ರೊಜೆಲ್ 1960ರಲ್ಲಿ ಅಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಕಮಿಷನರ್, ಅಂದರೆ ಮುಖ್ಯಸ್ಥ, ಆದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಮ್ಯಾಟ್ಸನ್ 400 ಮೀಟರ್ ಓಟದಲ್ಲಿ ಕಂಚು, ರಿಲೇಯಲ್ಲಿ ಬೆಳ್ಳಿ ಗೆದ್ದರು. ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಯುಗೊಸ್ಲಾವಿಯಾ ವಿರುದ್ಧ ಭಾರತದ ಒಂದೇ ಒಂದು ಗೋಲು ಹೊಡೆದದ್ದೂ ಅದೇ ಒಲಿಂಪಿಕ್ಸ್‌ನಲ್ಲಿ. (ಯುಗೊಸ್ಲಾವಿಯಾದವರು ಹೊಡೆದದ್ದು ಹತ್ತು, ಬಿಡಿ.)

ಟೋಲರ್ ಮಾತ್ರ ವೃತ್ತಿಪರ ಆಟ ಆಡಲೇ ಇಲ್ಲ. 1952ರ ಒಂದು ಪ್ರದರ್ಶನ ಪಂದ್ಯದಲ್ಲಿ ಮಂಡಿ ಹೋಯಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಮೇಷ್ಟ್ರಾದರು, ಮುಂದೆ ಹೆಡ್‌ಮಾಸ್ಟರೂ ಆದರು. 1965ರಲ್ಲಿ ಎನ್‌ಎಫ್‌ಎಲ್ ಪಂದ್ಯಗಳ ಅಧಿಕಾರಿಯಾಗಿ ಮೈದಾನಕ್ಕಿಳಿದರು. ಆ ಕೆಲಸಕ್ಕೆ ಬಂದ ಮೊದಲ ಕರಿಯರು ಅವರೇ. 1980ರ ಸೂಪರ್ ಬೌಲ್‌ಗೂ, ಅಂದರೆ ಎನ್‌ಎಫ್‌ಎಲ್‌ನ ಫೈನಲ್‌ಗೂ, ಅಧಿಕಾರಿಗಳ ತಂಡದಲ್ಲಿ ಅವರಿದ್ದರು.